ಅಪ್‌ಡೇಟ್: ಆಡ್ತಾ ಆಡ್ತಾ ಆಫ್ ಆಗ್ತಿದ್ದ ಗೇಮ್ ಕನ್ಸೋಲ್ ಸರಿಯಾಯ್ತು

ಅರ್ಧ ಗಂಟೆ ಆಡಿದರೆ ಕನ್ಸೋಲ್ ತಾನಾಗೇ ಆಫ್ ಆಗುತ್ತೆ ಅಂತ ಹೋದ ತಿಂಗಳು ಕೇಳಿದ್ದೆ, ಅಲ್ವಾ? ರಿಪೇರಿ ಅಂಗಡಿಯವರು ‘ಬೋರ್ಡೇ ಹೋಗಿದೆ’ ಅಂದಿದ್ದರು. ಹೋಗಿರಲಿಲ್ಲ!

ನೀವು ಹೇಳಿದ ಹಾಗೆ ಬಿಚ್ಚಿದೆ. ಹೀಟ್‌ಸಿಂಕ್ (ಚಿಪ್‌ನ ಬಿಸಿ ಹೊರಹಾಕೋ ಲೋಹದ ಭಾಗ) ಮೇಲೆ ಧೂಳು ಹಳೇ ಹಾಸಿಗೆಯ ಹತ್ತಿ ಥರ ಕೂತಿತ್ತು. ಚಿಪ್‌ನ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸೋ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದಂತಾಗಿತ್ತು, ಮುಟ್ಟಿದರೆ ಉದುರುತ್ತಿತ್ತು. ಹಳೇ ಟೂತ್‌ಬ್ರಷ್‌ನಿಂದ ಧೂಳು ತೆಗೆದು, ಹೊಸ ಪೇಸ್ಟ್ ಹಚ್ಚಿದೆ. ನಿನ್ನೆ ಮೂರು ಗಂಟೆ ಆಡಿದೆ, ಒಮ್ಮೆಯೂ ಆಫ್ ಆಗಲಿಲ್ಲ.

ಸುಮ್ನೆ ಹುಡುಕುವಾಗ ಮೈಕ್ರೋಸಾಫ್ಟ್‌ನ ಕನ್ಸೋಲ್ ಎಕ್ಸ್‌ಬಾಕ್ಸ್ 360ರ ಕೆಂಪು ದೀಪದ ಕಥೆ ಸಿಕ್ಕಿತು; ಒಳಗೆ ಹಾರ್ಡ್‌ವೇರ್ ಕೆಟ್ಟರೆ ಆ ದೀಪ ಉರಿಯುತ್ತಿತ್ತು. 2007ರಲ್ಲಿ ಮೈಕ್ರೋಸಾಫ್ಟ್ ಆ ತೊಂದರೆಗೆ ವಾರಂಟಿಯನ್ನು 3 ವರ್ಷಕ್ಕೆ ಏರಿಸಿ, 100 ಕೋಟಿ ಡಾಲರಿಗೂ ಜಾಸ್ತಿ ಹಣ ತೆಗೆದಿಟ್ಟಿತ್ತು. ನನಗೆ ಒಂದು ಪೇಸ್ಟ್ ಟ್ಯೂಬಿನ ಖರ್ಚಷ್ಟೇ.

ಒಂದು ಸ್ಕ್ರೂ ಮಾತ್ರ ಮಿಕ್ಕಿದೆ. ಎಲ್ಲಿಯದೋ!