ಕಂಟ್ರೋಲರ್‌ನಲ್ಲಿ 14.4 ವೋಲ್ಟ್, ಆದರೂ ಬೆಳಗಿನ ಜಾವ ಫ್ರಿಜ್ ಆಫ್

ಗಾಡಿಮನೆ:
ಟೆಂಪೋ ಟ್ರಾವೆಲರ್ ಕ್ಯಾಂಪರ್. ಮೇಲೆ 100 ವ್ಯಾಟಿನ 12 ವೋಲ್ಟ್ ಸೋಲಾರ್ ಪ್ಯಾನೆಲ್ ಎರಡು, ಪ್ಯಾರಲಲ್. 20 ಆಂಪ್ ಪಿಡಬ್ಲ್ಯುಎಂ ಕಂಟ್ರೋಲರ್ (ಪ್ಯಾನೆಲನ್ನ ಬ್ಯಾಟರಿಗೆ ಆನ್-ಆಫ್ ಮಾಡಿ ಚಾರ್ಜ್ ಹಿಡಿತದಲ್ಲಿಡೋ ಸಾದಾ ಬಗೆ) ಡ್ರೈವರ್ ಸೀಟಿನ ಹಿಂದೆ, 150 ಎಎಚ್ (ಆಂಪ್-ಅವರ್) ಟ್ಯೂಬುಲರ್, ಅಂದ್ರೆ ಆಸಿಡ್ ತುಂಬಿದ ಬ್ಯಾಟರಿ ಹಿಂದಿನ ಬೆಂಚಿನ ಕೆಳಗೆ. ನಡುವೆ ನಾಲ್ಕು ಮೀಟರ್ ವೈರ್. ಲೋಡು ಅಂದ್ರೆ 45 ವ್ಯಾಟಿನ ಕಂಪ್ರೆಸರ್ ಫ್ರಿಜ್, ಎರಡು ಎಲ್‌ಇಡಿ, ಒಂದು ಫ್ಯಾನ್. ಮಧ್ಯಾಹ್ನ 12ಕ್ಕೆ ಕಂಟ್ರೋಲರ್ 14.4 ತೋರಿಸುತ್ತೆ, 2 ಗಂಟೆಗೆ ಫ್ಲೋಟ್‌ಗೆ, ಅಂದ್ರೆ ಬ್ಯಾಟರಿ ತುಂಬಿತು ಅಂದುಕೊಂಡು ಚಾರ್ಜ್ ತಗ್ಗಿಸೋ ಹಂತಕ್ಕೆ ಹೋಗುತ್ತೆ. ಆದರೂ ಬೆಳಗಿನ ಜಾವ ಲೋ ವೋಲ್ಟೇಜ್ ಅಂತ ಫ್ರಿಜ್ ಆಫ್. ಅಂಗಡಿಯವರು ಬ್ಯಾಟರಿ ಹೋಗಿದೆ ಅಂತಾರೆ, ಅದಕ್ಕಿನ್ನೂ ವರ್ಷ ತುಂಬಿಲ್ಲ. ಎಲ್ಲಿಂದ ಹುಡುಕಲಿ?

ಮಲ್ಟಿಮೀಟರ್:
ಬ್ಯಾಟರಿಗೆ ಈಗಲೇ ದುಡ್ಡು ಸುರಿಯಬೇಡಿ. ಡಿಸ್ಪ್ಲೇಯಲ್ಲಿ ಕಾಣೋದು ಕಂಟ್ರೋಲರಿನ ಟರ್ಮಿನಲ್ ವೋಲ್ಟೇಜು, ಬ್ಯಾಟರಿಯದ್ದಲ್ಲ.

ಚೆನ್ನಾಗಿ ಬಿಸಿಲಿರುವಾಗ, ಫ್ಲೋಟ್‌ಗೆ ಹೋಗೋ ಮೊದಲೇ ಅಳೆಯಿರಿ. ಮೀಟರ್ ಡಿಸಿ ವೋಲ್ಟ್‌ಗೆ ಹಾಕಿ, ಕೆಂಪು ಪ್ರೋಬ್ ಕಂಟ್ರೋಲರಿನ ಬ್ಯಾಟರಿ ಪ್ಲಸ್‌ಗೆ, ಕಪ್ಪು ಪ್ರೋಬ್ ಬ್ಯಾಟರಿಯ ಪ್ಲಸ್ ಪೋಸ್ಟಿಗೆ ಹಿಡಿಯಿರಿ. ಬರೋ ರೀಡಿಂಗೇ ಆ ಲೈನಿನಲ್ಲಿ ಕಳೆದುಹೋಗುತ್ತಿರೋ ವೋಲ್ಟೇಜು. ಮೈನಸ್ ಲೈನಿಗೂ ಹಾಗೇ ನೋಡಿ. ಆಮೇಲೆ ಫ್ಯೂಸ್ ಹೋಲ್ಡರಿನ ಎರಡು ತುದಿ ಬೇರೆಯಾಗಿ. ಒಂದೊಂದು ಲೈನಿಗೆ 0.1 ಒಳಗಿದ್ದರೆ ಸರಿ. ಫ್ಲೋಟ್‌ಗೆ ಹೋದಮೇಲೆ ಅಳೆದರೆ ಕರೆಂಟೇ ಇಲ್ಲದೆ ಎಲ್ಲ ಸೊನ್ನೆ ಹತ್ತಿರ ಬಂದು ಮೋಸ ಹೋಗ್ತೀರಿ.

ಕರೆಂಟ್ ನೋಡೋಕೆ ಕ್ಲಾಂಪ್ ಮೀಟರ್ ಬಳಸೋದಾದರೆ ಅದು ಡಿಸಿ ಅಳೆಯುತ್ತಾ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ. ಅಗ್ಗದ ಎಷ್ಟೋ ಕ್ಲಾಂಪ್‌ಗಳು ಎಸಿ ಮಾತ್ರ ಅಳೆಯೋದು.

ಗಾಡಿಮನೆ:
ಕಂಟ್ರೋಲರ್ 14.4, ಬ್ಯಾಟರಿ ಪೋಸ್ಟಿನಲ್ಲಿ 13.2. ಪ್ಲಸ್ ಲೈನ್ 0.75, ಅದರಲ್ಲಿ ಫ್ಯೂಸ್ ಹೋಲ್ಡರ್ ಒಂದರಲ್ಲೇ 0.3. ಮೈನಸ್ 0.45. ಕರೆಂಟ್ 9 ಆಂಪ್. ವೈರ್ ಮೇಲೆ 1.5 ಸ್ಕ್ವೇರ್ ಎಂಎಂ ಅಂತ ಇದೆ. ಫ್ರಿಜ್ ಕಂಟ್ರೋಲರಿನ ಲೋಡ್ ಟರ್ಮಿನಲ್‌ನಿಂದ ಹೋಗಿದೆ.

ಮಲ್ಟಿಮೀಟರ್:
ಸಿಕ್ಕಿತು. 1.5 ತಾಮ್ರದ ವೈರ್ ಮೀಟರಿಗೆ ಸುಮಾರು 12 ಮಿಲಿಓಮ್. ನಾಲ್ಕು ಮೀಟರಿಗೆ 48, ಅದನ್ನ 9 ಆಂಪ್‌ಗೆ ಗುಣಿಸಿದರೆ 0.43 ವೋಲ್ಟ್, ನಿಮ್ಮ ಮೈನಸ್ ಲೈನಿನ ಲೆಕ್ಕ ತಾಳೆಯಾಯ್ತು. ಬ್ಯಾಟರಿ 13.2ರಲ್ಲೇ ಇದ್ದರೂ ಕಂಟ್ರೋಲರ್ 14.4 ಬಂತು ಅಂದುಕೊಂಡು ಕರೆಂಟ್ ಇಳಿಸೋಕೆ ಶುರು ಮಾಡುತ್ತೆ. ಕರೆಂಟ್ ಇಳಿದ ಹಾಗೆ ವೈರಿನ ನಷ್ಟವೂ ಇಳಿಯುತ್ತೆ, ಕಾದರೆ ಬ್ಯಾಟರಿ ತುಂಬಿಯೇ ತುಂಬುತ್ತೆ. ಆದರೆ ನಿಮ್ಮ ಕಂಟ್ರೋಲರ್ ಕಾಯೋದು ಎರಡೇ ಗಂಟೆ. ಆಮೇಲೆ ಫ್ಲೋಟ್, ಸಂಜೆಯ ಬಿಸಿಲೆಲ್ಲ ದಂಡ.

ರಾತ್ರಿ ಅದೇ ವೈರ್ ಇನ್ನೊಂದು ಏಟು ಕೊಡುತ್ತೆ. ಫ್ರಿಜ್ ಸುಮಾರು 4 ಆಂಪ್ ಎಳೆದಾಗ ಅರ್ಧ ವೋಲ್ಟ್ ದಾರಿಯಲ್ಲೇ ಹೋಯ್ತು. ಬ್ಯಾಟರಿ 12.1 ಇದ್ದರೂ ಫ್ರಿಜ್‌ಗೆ ಕಾಣೋದು 11.6. ಫ್ರಿಜ್‌ಗೆ ಬ್ಯಾಟರಿಯಿಂದಲೇ ಬೇರೆ ಫ್ಯೂಸ್ ಹಾಕಿ ನೇರ 4 ಸ್ಕ್ವೇರ್ ಎಂಎಂ ಲೈನ್ ಎಳೆಯಿರಿ. ಕಂಟ್ರೋಲರನ್ನ ಬ್ಯಾಟರಿ ಹತ್ತಿರಕ್ಕೆ ತನ್ನಿ.

ಹನ್ನೆರಡು_ವೋಲ್ಟ್:
ಮೇಲಿನದಕ್ಕೆ ಒಂದು ತಿದ್ದುಪಡಿ. ಕಂಟ್ರೋಲರ್ ಸ್ಥಳ ಬದಲಿಸಿ, ಹಳೇ 1.5 ವೈರನ್ನೇ ಪ್ಯಾನೆಲ್ ಲೈನ್ ಮಾಡಿಕೊಂಡರೆ ಕೆಲಸ ಕೆಡುತ್ತೆ. ಪ್ಯಾನೆಲ್ ಹಿಂದೆ ಬರೆದ 18 ವೋಲ್ಟ್ 25 ಡಿಗ್ರಿಯ ಲೆಕ್ಕ. ಏಪ್ರಿಲ್ ಬಿಸಿಲಿಗೆ ವ್ಯಾನಿನ ತಗಡಿನ ಮೇಲೆ ಸೆಲ್ 60 ಡಿಗ್ರಿ ದಾಟಿದಾಗ ಅದು 15.3ರ ಆಸುಪಾಸಿಗೆ ಇಳಿಯುತ್ತೆ. ವೈರ್ 0.9 ತಿಂದರೆ ಉಳಿಯೋದು 14.4, ಅಲ್ಲಿಗೆ ಕೈಯಲ್ಲಿ ಏನೂ ಇಲ್ಲ. ಪ್ಯಾನೆಲ್ ಕಡೆಗೆ 6 ಸ್ಕ್ವೇರ್ ಎಂಎಂ ಸೋಲಾರ್ ಡಿಸಿ ಕೇಬಲ್ ಹಾಕಿ. ಕಂಟ್ರೋಲರಿಂದ ಬ್ಯಾಟರಿಗೂ ಅದೇ 6, ಒಂದು ಮೀಟರ್ ಒಳಗೆ. 30 ಆಂಪ್ ಫ್ಯೂಸ್ ಬ್ಯಾಟರಿ ಪ್ಲಸ್‌ನ ಪಕ್ಕದಲ್ಲೇ ಇರಲಿ. ಬಿಗಿಯಿಲ್ಲದ ಆ ಹೋಲ್ಡರ್ ಎಸೆದುಬಿಡಿ, 0.3 ವೋಲ್ಟ್ 9 ಆಂಪ್ ಅಂದ್ರೆ 2.7 ವ್ಯಾಟ್ ಶಾಖ ಅಷ್ಟು ಚಿಕ್ಕ ಪ್ಲಾಸ್ಟಿಕ್‌ನಲ್ಲಿ. ಮುಟ್ಟಿ ನೋಡಿ, ಬಿಸಿ ಇರುತ್ತೆ.

ಬಿಚ್ಚುವಾಗ ಮೊದಲು ಪ್ಯಾನೆಲ್, ಆಮೇಲೆ ಬ್ಯಾಟರಿ. ಸೇರಿಸುವಾಗ ಬ್ಯಾಟರಿ ಮೊದಲು.

ಟ್ಯೂಬುಲರ್ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತೆ. ಕಂಟ್ರೋಲರ್ ಪಕ್ಕದ ಗೋಡೆಗಿರಲಿ, ಬ್ಯಾಟರಿ ಪೆಟ್ಟಿಗೆಯ ಒಳಗೆ ಬೇಡ. ಪೆಟ್ಟಿಗೆಯಿಂದ ಹೊರಗೆ ಒಂದು ಪೈಪ್ ಕೊಡಿ. ನನ್ನ ಕೇಳಿದರೆ ಆಸಿಡ್ ತುಳುಕೋ ಬ್ಯಾಟರಿ ವ್ಯಾನಿಗೇ ಸಲ್ಲ, ಅದು ಬೇರೆ ಮಾತು.

ಗಾಡಿಮನೆ:
ಎಂಪಿಪಿಟಿ ಕಂಟ್ರೋಲರ್ (ಪ್ಯಾನೆಲಿನ ಹೆಚ್ಚಿನ ವೋಲ್ಟೇಜನ್ನ ಬ್ಯಾಟರಿಗೆ ಹೆಚ್ಚು ಕರೆಂಟಾಗಿ ಬದಲಿಸೋ ಬಗೆ) ಹಾಕಿಸಿದರೆ ಇಷ್ಟೆಲ್ಲ ಬೇಕಾಗಲ್ಲ ಅಂತ ಒಬ್ಬರು ಹೇಳಿದ್ರು?

ಹನ್ನೆರಡು_ವೋಲ್ಟ್:
ಫ್ಯೂಸ್ ಹೋಲ್ಡರ್ ಕೆಟ್ಟಿದ್ದರೆ ಎಂಪಿಪಿಟಿ ಏನು ಮಾಡುತ್ತೆ? ನಿಮ್ಮಂಥ 12 ವೋಲ್ಟಿನ 36 ಸೆಲ್ ಪ್ಯಾನೆಲ್ ಬಿಸಿಲಿಗೆ ಕಾದಾಗ ಅದರ ಲಾಭವೂ ಅಲ್ಪ. ಮನೆ ಮೇಲೆ ಹಾಕೋ 330 ವ್ಯಾಟಿನ 72 ಸೆಲ್ ಪ್ಯಾನೆಲ್ ತಂದರೆ ಮಾತ್ರ ಅದಿಲ್ಲದೆ ಆಗಲ್ಲ: ಪಿಡಬ್ಲ್ಯುಎಂ ಪ್ಯಾನೆಲನ್ನ ಬ್ಯಾಟರಿಯ ವೋಲ್ಟೇಜಿಗೇ ಇಳಿಸುತ್ತೆ, ಅದರ 9 ಆಂಪ್ ಅಷ್ಟೇ ಬರುತ್ತೆ, 120 ವ್ಯಾಟ್ ಹತ್ತಿರ. ಉಳಿದದ್ದು ಹೋಯ್ತು.

ಮಲ್ಟಿಮೀಟರ್:
ವೈರಿಂಗ್ ಮುಗಿದ ಮೇಲೆ ಎರಡು ಮೂರು ದಿನ ಒಳ್ಳೆ ಬಿಸಿಲಲ್ಲಿ ತುಂಬಲು ಬಿಟ್ಟು, ಹೈಡ್ರೋಮೀಟರ್‌ನಲ್ಲಿ (ಆಸಿಡ್‌ನ ಸಾಂದ್ರತೆ ಅಳೆಯೋ ಉಪಕರಣ) ಆರೂ ಸೆಲ್ ನೋಡಿ. ಎಲ್ಲ 1.240 ಆಸುಪಾಸಿಗೆ ಬಂದರೆ ಬ್ಯಾಟರಿ ಚೆನ್ನಾಗಿದೆ. ಒಂದು ಸೆಲ್ ಮಾತ್ರ 1.200ಕ್ಕಿಂತ ಕೆಳಗೇ ಉಳಿದರೆ ವಾರಂಟಿ ಕಾರ್ಡ್ ಹುಡುಕಿ. ಡಿಸ್ಟಿಲ್ಡ್ ವಾಟರ್ ಹಾಕಿದ ಕೂಡಲೇ ಅಳೆಯಬೇಡಿ, ನೀರು ಮೇಲೇ ನಿಂತು ರೀಡಿಂಗ್ ಕಡಿಮೆ ತೋರಿಸುತ್ತೆ.