‘ಗುಣ’ ಅಲ್ಲ, ‘ಅಡಗು’ ಸರಿಯಾ? ವರ್ಷಗಟ್ಟಲೆ ತಗೊಳ್ಳೋ ಹಾರ್ಮೋನು ಮಾತ್ರೆಗೆ ಒಂದು ಕ್ರಿಯಾಪದ ಬೇಕು

ಎಲ್ಲರಿಗೂ ನಮಸ್ಕಾರ. ಒಂದೇ ಒಂದು ಕ್ರಿಯಾಪದಕ್ಕೋಸ್ಕರ ಹದಿನೈದು ದಿನದಿಂದ ಒದ್ದಾಡ್ತಿದೀನಿ, ದಯವಿಟ್ಟು ಸ್ವಲ್ಪ ಸಹಾಯ ಮಾಡಿ.

ನನ್ನ ತಂಗಿಗೆ ಎಂಡೊಮೆಟ್ರಿಯೋಸಿಸ್ ಇದೆ, ಅದೂ ಕರುಳಿಗೆ ಇಳಿದಿರೋದು. ಡೈನೋಜೆಸ್ಟ್ ಅನ್ನೋ 2 ಮಿಲಿಗ್ರಾಂ ಹಾರ್ಮೋನು ಮಾತ್ರೆ ದಿನಾ ಒಂದರ ಹಾಗೆ ತಗೋತಿದಾಳೆ. ಇಂಗ್ಲಿಷ್ ಓದೋಕೆ ಕಷ್ಟ ಆಗೋ ಹೆಂಗಸರಿಗೆ ಅಂತ ಎರಡು ಪುಟದ ಮಾಹಿತಿ ಬರೀತಾ ಇದೀನಿ, ಅದರಲ್ಲಿ ‘ಸಪ್ರೆಸ್’ (ಕಾಯಿಲೆನ ಪೂರ್ತಿ ತೆಗೆಯದೆ ತಗ್ಗಿಸಿಡೋದು) ಅನ್ನೋ ಮಾತು ಬಂದಲ್ಲೆಲ್ಲ ಕೈ ನಿಂತುಬಿಡುತ್ತೆ.

ವಿಷಯ ಗೊತ್ತಿಲ್ದೆ ಪದ ಹುಡುಕೋಕಾಗಲ್ಲ, ಅದಕ್ಕೆ ಸ್ವಲ್ಪ ಹೇಳ್ತೀನಿ. ಗರ್ಭಕೋಶದ ಒಳಪದರದಂಥದ್ದೇ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯೋದು ಈ ಕಾಯಿಲೆ. ಹೊಟ್ಟೆಯ ಒಳಪೊರೆಯಿಂದ 5 ಮಿಲಿಮೀಟರಿಗಿಂತ ಆಳಕ್ಕೆ ಹೋದ್ರೆ ‘ಡೀಪ್’ ಅಂತಾರೆ, ಕರುಳಲ್ಲಾದ್ರೆ ಹೆಚ್ಚಾಗಿ ಗುದನಾಳ, ಇಲ್ಲಾ ಅದರ ಮೇಲಿರೋ ಸಿಗ್ಮಾಯ್ಡ್ ಭಾಗದ ಸ್ನಾಯುವಿನೊಳಗೆ. ಮುಟ್ಟಿನ ದಿನ ಕಕ್ಕಸಿಗೆ ಕೂತ್ರೆ ಅವಳು ಬಾಗಿಲ ಚಿಲಕ ಹಿಡ್ಕೊಂಡು ಉಸಿರು ಕಟ್ಟೋಳು, ಆಚೆ ನಿಂತ ನನಗೆ ಚಿಲಕ ಅಲ್ಲಾಡೋ ಸದ್ದು ಕೇಳ್ತಿತ್ತು. ಈ ಅಂಗಾಂಶಕ್ಕೆ ಈಸ್ಟ್ರೊಜನ್ ಅನ್ನೋ ಹೆಣ್ಣು ಹಾರ್ಮೋನೇ ಆಹಾರ, ಮಾತ್ರೆ ಅದನ್ನ ಇಳಿಸುತ್ತೆ, ಅಂಗಾಂಶ ಬಡವಾಗುತ್ತೆ, ನೋವು ಕಮ್ಮಿ ಆಗುತ್ತೆ. ಆದ್ರೆ ಈ ಅಂಗಾಂಶ ಬೆಳೆದು ಕರುಳಲ್ಲಿ ಆಗಿರೋ ಗಂಟಿನಲ್ಲಿ ಬಹುಪಾಲು ಇರೋದು ಹಳೇ ಗಾಯದ ಕಲೆ ಥರ ಗಟ್ಟಿಯಾದ ನಾರು, ಅದನ್ನ ಹಾರ್ಮೋನು ಕರಗಿಸಲ್ಲ. ಸ್ಕ್ಯಾನ್ ಮಾಡಿದ್ರೆ ಗಂಟು ಸಾಮಾನ್ಯವಾಗಿ ಇದ್ದ ಹಾಗೇ ಇರುತ್ತೆ, ಮಾತ್ರೆ ಬಿಟ್ರೆ ಬಹಳ ಜನಕ್ಕೆ ನೋವು ವಾಪಸ್ ಬರುತ್ತೆ. ಅದಕ್ಕೇ ವರ್ಷಗಟ್ಟಲೆ ತಗೋಬೇಕು.

ಈಗ ಪದಗಳಿಗೆ ಬರ್ತೀನಿ. ‘ಗುಣ’ ಅಂತ ಬರೆಯೋಕೆ ನನಗೆ ಭಯ. ‘ಗುಣ ಕಾಣ್ತು’ ಅಂದ್ರೆ ಸ್ವಲ್ಪ ವಾಸಿ, ‘ಗುಣ ಆಯ್ತು’ ಅಂದ್ರೆ ಮುಗೀತು, ಇವೆರಡರ ನಡುವೆ ಇರೋದು ಒಂದು ಸಣ್ಣ ಕ್ರಿಯಾಪದ ಅಷ್ಟೇ. ಒಂದು ವರ್ಷ ಆದ್ಮೇಲೆ ಯಾರೋ ಹತ್ತಿರದವರು “ಗುಣ ಆಗಿದ್ಯಲ್ಲ, ಇನ್ನೂ ಯಾಕಮ್ಮ ಮಾತ್ರೆ” ಅಂದ್ರು, ತಂಗಿ ಬಿಟ್ಟಳು, ಮೂರನೇ ತಿಂಗಳಿಗೆ ಮತ್ತೆ ಅದೇ ಚಿಲಕ.

‘ಹತೋಟಿ’ ಚೆನ್ನಾಗಿದೆ, ಶುಗರು ಬಿಪಿಯಿಂದ ಎಲ್ಲರಿಗೂ ರೂಢಿ, ದಿನಾ ಮಾತ್ರೆ ಅನ್ನೋ ಅರ್ಥ ತಾನಾಗೇ ಬರುತ್ತೆ. ಆದ್ರೆ ಶುಗರ್ ಹತೋಟಿ ತಪ್ಪಿದ್ರೆ “ನೀನೇನೋ ತಿಂದಿರ್ತೀಯ” ಅಂತಾರಲ್ಲ, ಆ ದೂರು ಈ ಪದದ ಬೆನ್ನಿಗೇ ಬರುತ್ತೆ. ಇಲ್ಲಿ ಅವಳ ತಪ್ಪು ಏನೂ ಇಲ್ಲ. ‘ಶಮನ’ ಆಯುರ್ವೇದದಲ್ಲಿ ಶೋಧನದ (ದೋಷವನ್ನ ಹೊರಹಾಕೋದರ) ಎದುರಿಗೆ ನಿಲ್ಲೋ ಗಟ್ಟಿ ಪದ, ಆದ್ರೆ ‘ನೋವು ಶಮನ’ ಅಂದ ತಕ್ಷಣ ನೋವಾದಾಗ ಮಾತ್ರ ನುಂಗೋ ಮಾತ್ರೆ ಅಂದ್ಕೋತಾರೆ. ‘ದಮನ’ ‘ನಿಗ್ರಹ’ ಬೇಡವೇ ಬೇಡ. ತಂಗಿ ತನ್ನ ಮಾತಲ್ಲಿ “ಈಗ ಮಲ್ಕೊಂಡಿದೆ ಅಕ್ಕಾ” ಅಂತಾಳೆ, ನನಗೆ ತುಂಬಾ ಇಷ್ಟ ಆಯ್ತು, ಆದ್ರೆ ‘ಮಲಗಿಸೋ ಮಾತ್ರೆ’ ಅಂತ ಬರೆದ್ರೆ ನಿದ್ದೆ ಮಾತ್ರೆ ಆಗಿಬಿಡುತ್ತೆ.

ಹೀಗೆ ಸುತ್ತಿ ಸುತ್ತಿ ‘ಅಡಗು’ ಹತ್ರ ಬಂದು ನಿಂತಿದೀನಿ. ಹಸಿವು ಅಡಗುತ್ತೆ, ಸದ್ದು ಅಡಗುತ್ತೆ, ಕಳ್ಳನೂ ಅಡಗಿರ್ತಾನೆ. ತಗ್ಗೋದು, ಬಚ್ಚಿಟ್ಟುಕೊಳ್ಳೋದು ಎರಡೂ ಅರ್ಥ ಈ ಒಂದೇ ಪದದಲ್ಲಿದೆ, ಈ ಕಾಯಿಲೆ ಮಾಡೋದೂ ಅದನ್ನೇ. ಇದು ಮುಖ್ಯ ಯಾಕಂದ್ರೆ ನೋವಿಲ್ಲ ಅಂತ ತಪಾಸಣೆ ಬಿಡಬಾರದು, ಗಂಟಿನಿಂದ ಕರುಳು ಕಿರಿದಾಗಿ ಮಲ ಹೋಗೋಕೆ ಅಡ್ಡ ಆದ್ರೆ ಮಾತ್ರೆ ಸಾಲಲ್ಲ, ಆಪರೇಷನ್ ಬೇಕಾಗುತ್ತೆ. ಬರೀತಾ ಬರೀತಾ ಇನ್ನೊಂದೂ ಅನ್ನಿಸ್ತು, ಇಂಗ್ಲಿಷಿನ ಒಂದು ಪದಕ್ಕೆ ಒಂದೇ ಪದ ಹುಡುಕ್ತಿದ್ದದ್ದೇ ತಪ್ಪೇನೋ, “ಅಂಗಾಂಶ ಸೊರಗುತ್ತೆ, ನೋವು ಅಡಗುತ್ತೆ, ಗಂಟು ಉಳಿಯುತ್ತೆ” ಅಂತ ಮೂರು ಕರ್ತೃಗಳಿಗೆ ಮೂರು ಕ್ರಿಯಾಪದ ಕೊಟ್ರೆ ಓದೋರಿಗೆ ಎಲ್ಲೂ ಮೋಸ ಆಗಲ್ಲ. ಆದ್ರೆ ನಿಮ್ಮ ಕಡೆ ‘ಅಡಗು’ ಅಂದ್ರೆ ಬರೀ ಬಚ್ಚಿಟ್ಟುಕೊಳ್ಳೋದು ಅಂತಲೇ ಕೇಳಿಸುತ್ತಾ? ಹಾಗಿದ್ರೆ ಹೆದರ್ಕೋತಾರೆ, ಅದನ್ನ ಖಂಡಿತ ತಿಳಿಸಿ.

ಇನ್ನೊಂದು ಸಣ್ಣದು. “ಮಾತ್ರೆಯಿಂದ ಮುಟ್ಟು ನಿಲ್ಲಬಹುದು” ಅಂತ ಬರೆದಿದ್ದನ್ನ ನಮ್ಮ ಚಿಕ್ಕಮ್ಮ ಓದಿ, “ಅಂದ್ರೆ ಮುಟ್ಟು ಪೂರ್ತಿ ಹೋಗಿಬಿಡುತ್ತಾ, ರಕ್ತ ಒಳಗೇ ಕಟ್ಕೊಳ್ಳಲ್ವಾ?” ಅಂದ್ರು. ಒಳಪದರ ತೆಳುವಾಗಿರುತ್ತೆ, ಹೊರಗೆ ಬರೋಕೆ ಏನೂ ಇರಲ್ಲ, ಬಿಟ್ರೆ ಮತ್ತೆ ಬರುತ್ತೆ ಅಂತ ವಿವರಿಸಬೇಕಾಯ್ತು. ‘ಮುಟ್ಟು ನಿಲ್ಲು’ ಅನ್ನೋದು ವಯಸ್ಸಾದ್ಮೇಲೆ ಆಗೋದಕ್ಕೂ ಬಸಿರಿಗೂ ಆಗಲೇ ಸೇರಿಹೋಗಿದೆ. ‘ಮುಟ್ಟು ತಡೆ ಹಿಡಿಯೋದು’ ಅಂದ್ರೆ ರಕ್ತ ಒಳಗೇ ನಿಂತ ಹಾಗೆ ಕೇಳಿಸುತ್ತೆ. ಸದ್ಯಕ್ಕೆ “ಮಾತ್ರೆ ತಗೊಳ್ಳೋವರೆಗೂ ಮುಟ್ಟು ಬರದೇ ಇರಬಹುದು, ಮೊದಲ ಕೆಲವು ತಿಂಗಳು ಅಲ್ಪಸ್ವಲ್ಪ ರಕ್ತದ ಕಲೆ ಕಾಣಿಸಬಹುದು” ಅಂತ ಉದ್ದಕ್ಕೇ ಬರೆದಿದೀನಿ. ಇದಕ್ಕಿಂತ ಚಿಕ್ಕದಾಗಿ ನಿಮ್ಮ ಮನೆಯ ಹೆಂಗಸರು ಏನಂತಾರೆ? ಅವರನ್ನೇ ಕೇಳಿ ಬರೆದ್ರೆ ಇನ್ನೂ ಒಳ್ಳೇದು.