ಎಆರ್‌ಟಿ (ಎಚ್‌ಐವಿಗೆ ಮಾತ್ರೆ ಚಿಕಿತ್ಸೆ) ಶುರು ಮಾಡೋ ಮೊದಲು ರೆಸಿಸ್ಟೆನ್ಸ್ (ವೈರಸ್ ಔಷಧಕ್ಕೆ ಬಗ್ಗದಿರೋದು) ಟೆಸ್ಟ್ ಬೇಕಾ?

ಸಕಲೇಶಪುರ ಕೌನ್ಸೆಲರ್:
ಹೊಸದಾಗಿ ಎಚ್‌ಐವಿ ಪಾಸಿಟಿವ್ ಬಂದವರಿಗೆ ಮಾತ್ರೆ ಕೊಡೋ ಮೊದಲೇ ಜೀನೋಟೈಪ್ ಟೆಸ್ಟ್ (ವೈರಸ್‌ನ ಜೀನ್ ಓದಿ ರೆಸಿಸ್ಟೆನ್ಸ್ ಹುಡುಕೋದು) ಮಾಡಿಸಬೇಕು ಅಂತ ಖಾಸಗಿ ಲ್ಯಾಬಿನವರು ಹೇಳ್ತಿದ್ದಾರೆ. ಗಂಡ ಚಿಕಿತ್ಸೆ ನಡುವೆ ಬಿಟ್ಟಿದ್ದರೆ ಹೆಂಡತಿಗೂ ರೆಸಿಸ್ಟೆನ್ಸ್ ಇರೋ ವೈರಸ್ಸೇ ಬಂದಿರಬಹುದಂತೆ. ರಿಪೋರ್ಟ್ ಬರೋವರೆಗೆ ಕಾಯಬೇಕಾ?

ಹಾಸನ ಫಿಸಿಶಿಯನ್:
ಕಾಯಬೇಡಿ. ಅವರ ಮಾತು ಸುಳ್ಳಲ್ಲ, ಹಾಗೆ ದಾಟೋದು ಉಂಟು. ಆದರೆ ಹೀಗೆ ದಾಟೋ ರೆಸಿಸ್ಟೆನ್ಸ್ ಹೆಚ್ಚಾಗಿ ಎಫಾವಿರೆಂಜ್, ನೆವಿರಾಪಿನ್ ಅನ್ನೋ ಹಳೇ ಎಚ್‌ಐವಿ ಮಾತ್ರೆಗಳಿಗೆ. ಈಗ ಕೊಡೋದು ಟಿಎಲ್‌ಡಿ: ಟೆನೊಫೊವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರಾವಿರ್ 50 ಮಿ.ಗ್ರಾಂ, ದಿನಕ್ಕೊಂದೇ ಮಾತ್ರೆ. ಡೊಲುಟೆಗ್ರಾವಿರ್ ತಡೆಯೋದು ಇಂಟಿಗ್ರೇಸ್ ಅನ್ನೋ ಬೇರೆಯೇ ಕಿಣ್ವವನ್ನ. ಹಾಗಾಗಿ ಕೆ103ಎನ್ ಮ್ಯುಟೇಶನ್ (ಆ ಹಳೇ ಮಾತ್ರೆಗಳನ್ನ ಸೋಲಿಸೋ ಜೀನ್ ಬದಲಾವಣೆ) ಇದ್ದರೂ ಟಿಎಲ್‌ಡಿ ಕೆಲಸ ಮಾಡುತ್ತೆ. ನ್ಯಾಕೋ (ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ) ಕಾರ್ಯಕ್ರಮದಲ್ಲಿ ಶುರುವಿಗೇ ಎಲ್ಲರಿಗೂ ಜೀನೋಟೈಪ್ ಮಾಡೋ ಪದ್ಧತಿ ಇಲ್ಲ. ಮಾತ್ರೆ ಶುರು ಮಾಡದೆ ನಿಜವಾಗಿ ತಡೆದು ನಿಲ್ಲಬೇಕಾದ್ದು ಮಿದುಳಿನ ಟಿಬಿ ಅಥವಾ ಕ್ರಿಪ್ಟೊಕಾಕಸ್ (ಮಿದುಳಿಗೆ ತಗಲೋ ಶಿಲೀಂಧ್ರ ಸೋಂಕು) ಅನುಮಾನ ಇದ್ದಾಗ (ಬಿಡದ ತಲೆನೋವು, ಜ್ವರ, ವಾಂತಿ).

ಲ್ಯಾಬ್ ಟೆಕ್ನಿಶಿಯನ್, ಹಾಸನ:
'ರೆಸಿಸ್ಟೆನ್ಸ್ ಇಲ್ಲ' ಅಂತ ರಿಪೋರ್ಟ್ ಬಂದರೂ ಪೂರ್ತಿ ನಂಬೋ ಹಾಗಿಲ್ಲ. ಜೀನ್ ಓದೋ ಮಾಮೂಲಿ ಸ್ಯಾಂಗರ್ ವಿಧಾನಕ್ಕೆ, ಒಟ್ಟು ವೈರಸ್‌ನಲ್ಲಿ ಸುಮಾರು ಶೇ. 20ಕ್ಕಿಂತ ಕಡಿಮೆ ಇರೋ ರೂಪ ಕಾಣೋದೇ ಇಲ್ಲ. ಮಾತ್ರೆ ನಿಲ್ಲಿಸಿದ ಕೆಲವೇ ತಿಂಗಳಲ್ಲಿ ಎಂ184ವಿ (ಲ್ಯಾಮಿವುಡಿನ್‌ಗೆ ರೆಸಿಸ್ಟೆನ್ಸ್ ತರೋ ಮ್ಯುಟೇಶನ್) ಹಿಂದೆ ಸರಿದು ಅಡಗುತ್ತೆ. ಕೆ103ಎನ್ ಮಾತ್ರ ವರ್ಷಗಟ್ಟಲೆ ಕಾಣ್ತಾ ಇರುತ್ತೆ, ಅದರಿಂದ ವೈರಸ್‌ಗೇನೂ ಅಂಥ ನಷ್ಟ ಇಲ್ಲ. ಸ್ಯಾಂಪಲ್ ಕಳಿಸಲೇಬೇಕಾದರೆ ಇಡಿಟಿಎ ಟ್ಯೂಬ್‌ನಲ್ಲೇ ತೆಗೀರಿ, ಹೆಪಾರಿನ್ ಟ್ಯೂಬ್ ಪಿಸಿಆರ್ (ಟೆಸ್ಟಿಗೆ ವೈರಸ್‌ನ ಜೀನ್ ಪ್ರತಿಗಳನ್ನ ಹೆಚ್ಚಿಸೋ ಹಂತ) ಕೆಡಿಸುತ್ತೆ. ಪ್ಲಾಸ್ಮಾ ಬೇರ್ಪಡಿಸದೆ ರಕ್ತವನ್ನ ಹಾಗೇ ಬೆಂಗಳೂರಿನ ಬಸ್ಸಿಗೆ ಹಾಕಬೇಡಿ. ವೈರಲ್ ಲೋಡ್ (ಒಂದು ಮಿ.ಲೀ. ಪ್ಲಾಸ್ಮಾದಲ್ಲಿರೋ ವೈರಸ್ ಪ್ರತಿಗಳು) 1000ಕ್ಕಿಂತ ಕಡಿಮೆ ಇದ್ದರೆ ಎಷ್ಟೋ ಸಲ ರಿಸಲ್ಟೇ ಬರಲ್ಲ.

ಚಿಕ್ಕಮಗಳೂರು ಎಆರ್‌ಟಿ ನರ್ಸ್:
ಟೆಸ್ಟಿಗಿಂತ ಕೇಳೋ ಪ್ರಶ್ನೆ ಮುಖ್ಯ. ಕಾಫಿ ಕೊಯ್ಲಿಗೆ ಬೇರೆ ಜಿಲ್ಲೆಗಳಿಂದ ಬರೋರು ಹಳೇ ನೋಂದಣಿ ಮುಚ್ಚಿಟ್ಟು 'ಹೊಸಬರು' ಅಂತ ಬರೆಸೋದುಂಟು. 'ಎಆರ್‌ಟಿ ತಗೊಂಡಿದ್ರಾ' ಅಂದರೆ ಇಲ್ಲ ಅಂತಾರೆ. 'ರಾತ್ರಿ ಮಲಗೋ ಹೊತ್ತಿಗೆ ಒಂದು ಮಾತ್ರೆ ನುಂಗ್ತಿದ್ರಾ, ನುಂಗಿದ ಮೇಲೆ ತಲೆ ತಿರುಗಿ ಏನೇನೋ ಕನಸು ಬೀಳ್ತಿತ್ತಾ' ಅಂತ ಕೇಳಿ ನೋಡಿ. ಅದು ಎಫಾವಿರೆಂಜ್. 2014ಕ್ಕೆ ಮೊದಲು ಹೆರಿಗೆಯಾದವರಿಗೆ ಆಗ ಮಗುವಿಗೆ ಎಚ್‌ಐವಿ ದಾಟದಿರಲಿ ಅಂತ ನೆವಿರಾಪಿನ್ ಒಂದೇ ಡೋಸ್ ಕೊಟ್ಟಿದ್ರಾ ಅನ್ನೋದೂ ಬೇಕು: ಆ ಒಂದು ಮಾತ್ರೆ ಎರಡು ಮೂರು ವಾರ ರಕ್ತದಲ್ಲೇ ಉಳಿಯುತ್ತೆ, ಜೊತೆಗೆ ಬೇರೆ ಔಷಧ ಇಲ್ಲದಿದ್ದರೆ ರೆಸಿಸ್ಟೆನ್ಸ್‌ಗೆ ಅಷ್ಟೇ ಸಾಕು. ಉತ್ತರ ಬಂದರೆ ಬೈಬೇಡಿ, ಬರ್ಕೊಳ್ಳಿ, ಹಳೇ ಎಆರ್‌ಟಿ ಕೇಂದ್ರಕ್ಕೆ ಫೋನ್ ಮಾಡಿ. ಆರನೇ ತಿಂಗಳ ವೈರಲ್ ಲೋಡ್ ಮಾತ್ರ ತಪ್ಪಿಸಬೇಡಿ.

ಸಕಲೇಶಪುರ ಕೌನ್ಸೆಲರ್:
ಒಬ್ಬರು ಟಿಬಿ ಮಾತ್ರೆನೂ ತಗೋತಿದ್ದಾರೆ, ಗರ್ಭಿಣಿ ಒಬ್ಬರು ಐರನ್ ಮಾತ್ರೆ. ತೊಂದರೆ ಇಲ್ವಾ?

ಹಾಸನ ಫಿಸಿಶಿಯನ್:
ಇದೆ. ಟಿಬಿ ಔಷಧ ರಿಫಾಂಪಿಸಿನ್ ಇದ್ದರೆ ಡೊಲುಟೆಗ್ರಾವಿರ್ ಮೈಯಿಂದ ಬೇಗ ಖಾಲಿಯಾಗುತ್ತೆ. ಟಿಎಲ್‌ಡಿ ಆದ 12 ಗಂಟೆಗೆ ಡೊಲುಟೆಗ್ರಾವಿರ್ ಇನ್ನೊಂದು 50 ಮಿ.ಗ್ರಾಂ ಸೇರಿಸಿ, ಟಿಬಿ ಕೋರ್ಸ್ ಮುಗಿದು ಎರಡು ವಾರದವರೆಗೂ ಕೊಡಿ. ಐರನ್, ಕ್ಯಾಲ್ಸಿಯಂ ಆದರೆ ಊಟದ ಜೊತೆ ಟಿಎಲ್‌ಡಿಯೊಂದಿಗೇ ತಗೋಬಹುದು. ಖಾಲಿ ಹೊಟ್ಟೆಯಲ್ಲಾದರೆ ಟಿಎಲ್‌ಡಿಯನ್ನ ಅವುಗಳಿಗಿಂತ ಎರಡು ಗಂಟೆ ಮೊದಲು ಇಲ್ಲವೇ ಅವು ನುಂಗಿ ಆರು ಗಂಟೆ ಬಿಟ್ಟು. ಎದೆಯುರಿಗೆ ಕುಡಿಯೋ ಆಂಟಾಸಿಡ್‌ಗೆ ಊಟದ ರಿಯಾಯಿತಿ ಇಲ್ಲ, ಅಂತರ ಬೇಕೇ ಬೇಕು.